ಹೆಬ್ಬೆರಳು ತಡವಾದಲ್ಲಿ

೯ ಮಾರ್ಚ್

ನನ್ನ ಕಿರಿಯವಳಿಗೆ,

ಅಮ್ಮನ ಆಶೀರ್ವಾದ. ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕೆಲಸಕ್ಕೆ ಕೈ ಹಾಕದೆ ಬರೀ “ಮಾಡುತ್ತೇನೆ” ಎಂದು ಬರೆಯುವುದು ನನ್ನ ಜಾಯಮಾನವಲ್ಲ. ಶುರು ಮಾಡಿದ ಮೇಲೆ ಬರೆಯೋಣವೆಂದು ಕಾದೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಅಣ್ಣನ ಕನ್ನಡಕದ ಅಂಗಡಿ ನಡೆಯುತ್ತಿದೆ. ಅತ್ತಿಗೆ ಎಂದಿನಂತೆ ಹಲ್ಲಿನ ಡಾಕ್ಟರ ಹತ್ತಿರ ಚೀಟಿ ಬರೆಯುವ ಕೆಲಸಕ್ಕೆ ಹೋಗಿ ಬರುತ್ತಾಳೆ. ನನ್ನ ಎಡ ಮಂಡಿ ಹೇಳಿದ ಮಾತು ಕೇಳುವುದಿಲ್ಲ. ಈ ಮನೆಯಲ್ಲಿ ನನ್ನ ಮಾತು ಕೇಳದಿರುವುದು ಅದೊಂದೇ. ನೀನು ಗಾಳಿಗೆ ಹೋಗುವಾಗ ಕತ್ತಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದೀಯ ತಾನೇ? ಧ್ವನಿಪೆಟ್ಟಿಗೆ ತೆಗೆದು ಎರಡು ವರ್ಷವಾಯಿತೆಂದು ಅಸಡ್ಡೆ ಬೇಡ. ಅಳಿಯಂದಿರು ಫೋನು ಮಾಡಿ “ಅವಳು ಪಕ್ಕದಲ್ಲೇ ಇದಾಳೆ, ನೀವು ಮಾತಾಡಿ, ಕೇಳಿಸ್ಕೋತಾಳೆ” ಎನ್ನುತ್ತಾರೆ. ಆ ಕಡೆಯಿಂದ ಬರೀ ಉಸಿರು ಕೇಳಿಸಿಕೊಂಡು ಮಾತಾಡಲು ನನ್ನಿಂದಾಗುವುದಿಲ್ಲ. ಕಾಗದದಲ್ಲಾದರೆ ನಾವಿಬ್ಬರೂ ಒಂದೇ.

ನೀನು ಕೇಳಿದ್ದಕ್ಕೆ ಬರುತ್ತೇನೆ. ಮೇಷ್ಟ್ರು ಮನೆಗೆ ಬಂದು ನಿನಗೂ ಅಣ್ಣನಿಗೂ ಹಾಡು ಹೇಳಿಕೊಟ್ಟ ಪಾಠದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿ ಕಳಿಸು ಎಂದಿದ್ದೀಯ. “ಮಾತಾಡಿದ್ದು ಫೋನಿನಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಇದೆ. ಹಾಡಿದ್ದು ಆ ಕ್ಯಾಸೆಟ್ಟುಗಳಲ್ಲಿ ಬಿಟ್ಟರೆ ಎಲ್ಲೂ ಇಲ್ಲ ಅಮ್ಮ. ಮರಿಗೆ ಕೇಳಿಸಬೇಕು” ಎಂದು ಬರೆದಿದ್ದೀಯ. ಸರಿ. ಮೂರು ವರ್ಷದ ಮಗುವಿಗೆ ತಾಯಿಯ ಹಾಡು ಕೇಳಿಸಬೇಕು ಎನ್ನುವುದರಲ್ಲಿ ತಪ್ಪೇನಿದೆ. ಆದರೆ ಅದರ ಕೆಳಗೆ ಇನ್ನೊಂದು ಸಾಲು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೀಯ. ನನಗೆ ಶ್ರುತಿ ನಿಲ್ಲುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದು ನಿಜವೋ ಅಲ್ಲವೋ, ಅದನ್ನು ನನ್ನ ಕಿವಿಯಿಂದಲೇ ಕೇಳಿ ತಿಳಿಯಬೇಕು, ಎಂದು.

ಹದಿಮೂರನೆಯ ವಯಸ್ಸಿನಲ್ಲಿ ಬಿದ್ದ ಮಾತನ್ನು ಈಗಲೂ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದೀಯ. ಆ ಮಾತಿಗೆ ನೀನು ಹಾಡು ಬಿಟ್ಟೆ, ಬಚ್ಚಲುಮನೆಯಲ್ಲಿ ಕೂಡ ಗುನುಗಲಿಲ್ಲ, ಗೊತ್ತು. ಮೇಷ್ಟ್ರು ಕಾಲವಾಗಿ ಎಷ್ಟೋ ವರ್ಷವಾಯಿತು. ತೀರಿಹೋದವರ ಮಾತನ್ನು ತಕ್ಕಡಿಗೆ ಹಾಕಿ ಏನು ಮಾಡುತ್ತೀಯ? ಮರಿಗೆ ಕೇಳಿಸುವಷ್ಟು ಸಾಕು. ಅಷ್ಟನ್ನು ನಾನು ಕಳಿಸುತ್ತೇನೆ.

ಕ್ಯಾಸೆಟ್ಟುಗಳು ಹೊಲಿಗೆ ಕೋಣೆಯ ಅಟ್ಟದ ಮೇಲೆ, ಗುಂಡಿಗಳ ಡಬ್ಬದ ಹಿಂದೆ ಇದ್ದವು. ಇಪ್ಪತ್ತಮೂರು. ಎರಡಕ್ಕೆ ಬೂಷ್ಟು ಹಿಡಿದಿತ್ತು. ಹತ್ತಿಯಲ್ಲಿ ಒರೆಸಿ, ಪೆನ್ಸಿಲು ತೂರಿಸಿ ತಿರುಗಿಸಿ ಸಡಿಲ ಮಾಡಿದೆ. ನಿನ್ನ ಅಪ್ಪ ತಂದಿದ್ದ ಟೇಪ್ ರೆಕಾರ್ಡರು ಆನ್ ಆಯಿತು, ಆದರೆ ಒಳಗಿನ ರಬ್ಬರು ಪಟ್ಟಿ ಜೋಲುಬಿದ್ದು ಮೇಷ್ಟ್ರು ಎಮ್ಮೆ ಕೂಗಿದಂತೆ ಹಾಡಿದರು. ಕೆಳಗಿನ ಬೀದಿಯ ರಿಪೇರಿಯವನನ್ನು ಕರೆಸಿದೆ. ಯಾವಾಗಲೂ ತುಟಿಯ ಮಧ್ಯೆ ಒಂದು ಸ್ಕ್ರೂ ಕಚ್ಚಿಕೊಂಡಿರುತ್ತಾನೆಂದು ಬೀದಿಯವರೆಲ್ಲ ಅವನನ್ನು ಸ್ಕ್ರೂ ಎಂದೇ ಕರೆಯುವುದು. ಬಂದು, ಪಟ್ಟಿ ಬದಲಾಯಿಸಿ, ಟೇಪು ತಾಗುವ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕೊಟ್ಟ.

ಮೊದಲ ದಿನ ನಾನು ಮಾಡಿದ ಬುದ್ಧಿವಂತಿಕೆ ಕೇಳು. ರೆಕಾರ್ಡರನ್ನು ಅತ್ತಿಗೆಯ ಹಳೆಯ ಲ್ಯಾಪ್‌ಟಾಪಿನ ಎದುರು ಇಟ್ಟು, ಎರಡನ್ನೂ ಆನ್ ಮಾಡಿ, ಉಸಿರು ಬಿಗಿಹಿಡಿದು ಒಂದು ಗಂಟೆ ಕೂತೆ. ಸಂಜೆ ಅವಳು ಬಂದು ಹಾಕಿ ಕೇಳಿದಳು. ಮೇಷ್ಟ್ರ ಹಾಡಿಗಿಂತ ಜೋರಾಗಿ ನನ್ನ ಕೆಮ್ಮು, ಮೇಲಿನ ಮನೆಯ ಗಂಡಹೆಂಡಿರ ಜಗಳ, ಬೀದಿಯ ಹಾರನ್ನು.

“ಅತ್ತೆ, ಇದಕ್ಕೆ ವೈರು ಹಾಕ್ಬೇಕು. ಇದರ ಕಿವಿಯಿಂದ ಅದರ ಕಿವಿಗೆ.”

“ಮೊದಲೇ ಹೇಳಕ್ಕೇನಾಗಿತ್ತು?”

“ನೀವು ಕೇಳಿದ್ರೆ ತಾನೆ ಹೇಳೋದು. ಮತ್ತೆ ಆ ಕೀಲಿಗಳನ್ನ ಅಷ್ಟು ಜೋರಾಗಿ ಒತ್ಬೇಡಿ, ಹೊಲಿಗೆ ಮಷೀನಲ್ಲ ಅದು.”

ಅವಳ ನಾಲಿಗೆ ನಿನಗೆ ಗೊತ್ತಲ್ಲ. ಆದರೆ ಕೂತು ಹೇಳಿಕೊಟ್ಟಳು. ಈಗ ನಾನೇ ಮಾಡುತ್ತೇನೆ. ಹೈಸ್ಕೂಲು ಓದಿದವಳಿಗೆ ಇಷ್ಟು ಬರದಿದ್ದರೆ ಓದಿ ಏನು ಬಂತು. ಮುಂದಿನ ಪತ್ರದ ಹೊತ್ತಿಗೆ ನಿನ್ನ ಹಾಡು ಕೈಯಲ್ಲಿರುತ್ತದೆ.

ಮರಿಗೆ ಮುತ್ತು. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಮ್ಮ

ತಾ.ಕ.: ಅಣ್ಣನಿಗೆ ಕ್ಯಾಸೆಟ್ಟಿನ ವಿಷಯ ಹೇಳಿದೆ. “ಅಯ್ಯೋ, ನಾನು ಹಾಡಿದ್ದನ್ನ ನನಗೆ ಮಾತ್ರ ಕೇಳಿಸ್ಬೇಡಮ್ಮ” ಎಂದು ಅಂಗಡಿಗೆ ಹೊರಟುಹೋದ.


೩೦ ಮಾರ್ಚ್

ನನ್ನ ಕಿರಿಯವಳಿಗೆ,

ಆಶೀರ್ವಾದಗಳು. ಈ ಸಲ ಚಿಕ್ಕ ಪತ್ರ.

ಹನ್ನೊಂದು ಕ್ಯಾಸೆಟ್ಟು ಮುಗಿದಿವೆ. ಮಧ್ಯಾಹ್ನ ಎರಡರಿಂದ ನಾಲ್ಕು ನನ್ನ ಹೊತ್ತು. ಈ ಕೆಲಸದಲ್ಲಿ ನನಗೆ ಹಿಡಿಸಿದ ಒಂದು ಗುಣವೆಂದರೆ ಇದನ್ನು ಅವಸರಿಸಲಾಗದು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು. ಪರದೆಯ ಮೇಲೆ ನೀಲಿ ಗೆರೆಯೊಂದು ಏಳುತ್ತ ಬೀಳುತ್ತ ಸಾಗುತ್ತದೆ. ಜೋರು ಧ್ವನಿಗೆ ಗುಡ್ಡ, ಮೆಲ್ಲಗಿನದಕ್ಕೆ ದಿಬ್ಬ. ಗುಡ್ಡ ಕೆಂಪಾದರೆ ಶಬ್ದ ಒಡೆಯಿತು ಎಂದರ್ಥ, ಮತ್ತೆ ಮೊದಲಿನಿಂದ ಮಾಡಬೇಕು. ಮೇಷ್ಟ್ರ ಧ್ವನಿ ಗುಡ್ಡದಂತೆ, ಅಣ್ಣನದು ಗೋಡೆಗೆ ಒರಗಿ ನಿಂತವನಂತೆ.

ಒಂದು ತೊಂದರೆ ಬಂದಿದೆ. ನಿನ್ನ ಧ್ವನಿ ಬರುತ್ತಿಲ್ಲ.

ಪಾಠ ಹೇಗೆ ನಡೆಯುತ್ತಿತ್ತೆಂದು ನಿನಗೆ ನೆನಪಿದೆ. ಮೇಷ್ಟ್ರು ಒಂದು ಸಾಲು ಹಾಡುವುದು, ಅಣ್ಣ ಹೇಳುವುದು, ಆಮೇಲೆ ಅದೇ ಸಾಲನ್ನು ನೀನು. ಇದರಲ್ಲಿ ಮೇಷ್ಟ್ರು ಇದ್ದಾರೆ, ಅಣ್ಣ ಇದ್ದಾನೆ. ಆಮೇಲೆ ಒಂದು ಸಣ್ಣ ‘ಟಿಕ್’ ಬರುತ್ತದೆ, ಮೇಷ್ಟ್ರು ಮುಂದಿನ ಸಾಲಿಗೆ ಹೋಗಿರುತ್ತಾರೆ. ಹನ್ನೊಂದರಲ್ಲೂ ಹೀಗೇ. ನನಗೆ ವೈರಿನ ಮೇಲೆ ಅನುಮಾನ. ಅಥವಾ ಆ ಪ್ರೋಗ್ರಾಮು ಸಣ್ಣ ಧ್ವನಿಯನ್ನು ಗಲಾಟೆಯೆಂದು ತಿಳಿದು ಒರೆಸಿಹಾಕುತ್ತಿರಬೇಕು. ಗಲಾಟೆ ಒರೆಸುವ ಗುಂಡಿಯೊಂದಿದೆ, ಅದನ್ನು ಒತ್ತಿದ್ದೆ. ಈಗ ಅದನ್ನು ಬಿಟ್ಟು ಮತ್ತೆ ಮೊದಲನೆಯದರಿಂದ ಮಾಡುತ್ತಿದ್ದೇನೆ. ನಾಳೆ ಸ್ಕ್ರೂನನ್ನು ಕರೆಸಿ ಎರಡು ಮಾತು ಹೇಳುತ್ತೇನೆ.

ನೀನು ಮರಿಗೆ “ಅಜ್ಜಿ ಹಾಡು ಕಳಿಸ್ತಾಳೆ” ಎಂದು ಸನ್ನೆಯಲ್ಲಿ ಹೇಳಿ ದಿನಾ ಕಾಯಿಸುತ್ತಿದ್ದೀಯೆಂದು ಅಳಿಯಂದಿರು ಅಂದರು. ಕೊಟ್ಟ ಮಾತು ನನಗೂ ನೆನಪಿದೆ. ಬರುತ್ತದೆ.

ನಿನ್ನ ಅಮ್ಮ


೧೧ ಮೇ

ನನ್ನ ಕಿರಿಯವಳಿಗೆ,

ಅಮ್ಮನ ಆಶೀರ್ವಾದ. ಆರು ವಾರ ಬರೆಯಲಿಲ್ಲ. ನೀನು ಎರಡು ಪತ್ರ ಬರೆದೆ, ಎರಡಕ್ಕೂ ಉತ್ತರಿಸಲಿಲ್ಲ. ಆರೋಗ್ಯ ಕೆಟ್ಟಿರಲಿಲ್ಲ, ಪುರುಸೊತ್ತೂ ಇತ್ತು. ನೆಪ ಹೇಳುವುದಿಲ್ಲ.

ಹೋದ ಪತ್ರದಲ್ಲಿ ಹೇಳಿದಂತೆ ಸ್ಕ್ರೂನನ್ನು ಕರೆಸಿ ಬೈದೆ. “ಏನಪ್ಪಾ ನಿನ್ನ ರಿಪೇರಿ. ಮೇಷ್ಟ್ರದ್ದು ಬರತ್ತೆ, ಹುಡುಗಂದು ಬರತ್ತೆ, ಹುಡುಗೀದು ಬರಲ್ಲ. ಇದೆಂಥ ವೈರು?”

ಅವನು ಸ್ಕ್ರೂವನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿಕೊಂಡು, “ಅಮ್ಮಾ, ಮುಖ ನೋಡಿ ಒಬ್ಬರನ್ನ ಬಿಡೋದು ಒಬ್ಬರನ್ನ ತಡೆಯೋದು, ಅಂಥ ವೈರು ಇನ್ನೂ ಮಾರ್ಕೆಟ್ಟಿಗೆ ಬಂದಿಲ್ಲ” ಎಂದ. ಆಮೇಲೆ ಕೂತು ಆ ‘ಟಿಕ್’ ಬರುವ ಜಾಗವನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದ. ಗೆರೆ ಅಲ್ಲಿ ಮೆಲ್ಲಗೆ ಇಳಿದಿರಲಿಲ್ಲ. ಕತ್ತರಿಯಲ್ಲಿ ಕತ್ತರಿಸಿದ ಅಂಚಿನ ಹಾಗೆ ನೇರ ನಿಂತಿತ್ತು. “ಇದು ಪಾಜ್ ಬಟನ್ನು ಕಣಮ್ಮಾ. ಅವತ್ತೇ ಯಾರೋ ಹೆಬ್ಬೆಟ್ಟಲ್ಲಿ ಒತ್ತಿ ನಿಲ್ಸಿದಾರೆ. ಟೇಪಿಗೇ ಬಂದಿಲ್ಲ, ಕಂಪ್ಯೂಟರಿಗೆ ಎಲ್ಲಿಂದ ಬರತ್ತೆ?”

ಯಾರೋ ಎಂದ. ಪಾಠದ ಹೊತ್ತಿನಲ್ಲಿ ರೆಕಾರ್ಡರಿನ ಪಕ್ಕ ಮೊಣಕಾಲೂರಿ ಕೂರುತ್ತಿದ್ದವಳು ನಾನೊಬ್ಬಳೇ. ಅವನಿಗೆ ಕಾಫಿ ಕೊಡದೆ ಕಳಿಸಿಬಿಟ್ಟೆ. ಅವನ ತಪ್ಪೇನಿತ್ತು.

ನಾನು ಇದನ್ನು ಮರೆತೇಬಿಟ್ಟಿದ್ದೆ ಎಂದರೆ ನೀನು ನಂಬಬೇಕು. ಮೇಷ್ಟ್ರನ್ನು ಕರೆಸಿದ್ದು ಅಣ್ಣನಿಗಾಗಿ. ಅವನು ವಾರವೆಲ್ಲ ಕೇಳಿ ಸಾಧನೆ ಮಾಡಲಿ ಎಂದು ರೆಕಾರ್ಡು ಮಾಡುತ್ತಿದ್ದೆ. ಖಾಲಿ ಕ್ಯಾಸೆಟ್ಟು ಬೇಕೆಂದಾಗ ಸಿಗುತ್ತಿರಲಿಲ್ಲ. ಅದೇ ಸಾಲನ್ನು ಮೂರನೆಯ ಸಲ ಯಾಕೆ ತುಂಬಿಸಬೇಕು ಎಂದುಕೊಂಡೆ. ಸಮವಸ್ತ್ರ ಕತ್ತರಿಸುವಾಗ ಬಟ್ಟೆ ಉಳಿಸುತ್ತಿದ್ದ ಕೈ ಅದು. ನಿನ್ನ ಸರದಿ ಬಂದಾಗ ಒತ್ತುವುದು, ಮೇಷ್ಟ್ರು ಮುಂದಿನ ಸಾಲಿಗೆ ಬಾಯಿ ತೆರೆದಾಗ ಬಿಡುವುದು. ಮಷೀನಿನ ಕಾಲುಮಣೆ ತುಳಿದ ಹಾಗೆ, ತಲೆಗೆ ಗೊತ್ತಿಲ್ಲದೆ ಕೈ ಮಾಡುತ್ತಿತ್ತು.

ಅಣ್ಣನನ್ನು ಕೇಳಿದೆ. ಊಟ ಮಾಡುತ್ತಿದ್ದವನು ತಟ್ಟೆಯಿಂದ ತಲೆ ಎತ್ತಲಿಲ್ಲ.

“ಗೊತ್ತಿತ್ತಮ್ಮ.”

“ಮತ್ತೆ ಅವಳು?”

“ಅವಳು ಕಣ್ ಮುಚ್ಕೊಂಡ್ ಹಾಡ್ತಿದ್ಲಲ್ಲ. ಮೇಷ್ಟ್ರೇ ಹೇಳಿದ್ರು, ಕಣ್ ಮುಚ್ಚು, ಸ್ವರ ಕಾಣ್ಸತ್ತೆ ಅಂತ. ಅವಳಿಗೆ ಹೇಗೆ ಗೊತ್ತಾಗ್ಬೇಕು.”

“ನೀನಾದ್ರೂ ನಂಗೆ ಹೇಳಬಾರ್ದಿತ್ತಾ?”

“ನಿಂಗೆ ಹೇಳೋದಾ?” ಎಂದು ನಕ್ಕ. ಅತ್ತಿಗೆಯೂ ನಕ್ಕಳು. ಈ ಮನೆಯಲ್ಲಿ ನನಗೆ ಹೇಳುವುದು ಎಂದರೆ ನಗುವ ವಿಷಯವೆಂದು ನನಗೆ ಅವತ್ತು ತಿಳಿಯಿತು.

ಹಾಗಾಗಿ, ಕಿರಿಯವಳೇ, ಇಪ್ಪತ್ತಮೂರು ಕ್ಯಾಸೆಟ್ಟುಗಳಲ್ಲಿ ನಿನ್ನದೊಂದು ಪೂರ್ತಿ ಹಾಡು ಇಲ್ಲ. ಇದನ್ನು ಬರೆಯಲು ಆರು ವಾರ ಹಿಡಿಯಿತು.

ಆದರೆ ಸುಮ್ಮನೆ ಕೂರಲಿಲ್ಲ. ಎಷ್ಟು ಚುರುಕಾಗಿದ್ದರೂ ಕೈ ಒಂದೊಂದು ಸಲ ತಡವಾಗುತ್ತದಲ್ಲ. ಹೆಬ್ಬೆರಳು ತಡವಾದಲ್ಲೆಲ್ಲ, ಆ ‘ಟಿಕ್’ಗೆ ಮುಂಚೆ, ನಿನ್ನ ಧ್ವನಿಯ ಚೂರು ಸಿಕ್ಕಿಕೊಂಡಿದೆ. ಅರ್ಧ ಸೆಕೆಂಡು, ಮುಕ್ಕಾಲು ಸೆಕೆಂಡು. ಒಂದು ಅಕ್ಷರದ ಅರ್ಧ. ಇಪ್ಪತ್ತಮೂರನ್ನೂ ಹುಡುಕಿ, ಒಂದೊಂದನ್ನೇ ಕತ್ತರಿಸಿ, ಒಂದರ ಹಿಂದೆ ಒಂದು ಇಟ್ಟಿದ್ದೇನೆ. ಇನ್ನೂರ ಹದಿನಾಲ್ಕು ಚೂರು. ಒಟ್ಟು ಎರಡೂವರೆ ನಿಮಿಷ. ಕೇಳಲು ಹಾಡಿನಂತಿಲ್ಲ. ಯಾರೋ ಮಾತಾಡಲು ಬಾಯಿ ತೆರೆದಾಗಲೆಲ್ಲ ಇನ್ನೊಬ್ಬರು ಬಾಯಿ ಮುಚ್ಚಿಸಿದ ಹಾಗಿದೆ. ನಡೆದದ್ದೂ ಅದೇ.

ಒಂದೇ ಒಂದು ಕಡೆ, ಹದಿನಾಲ್ಕನೆಯ ಕ್ಯಾಸೆಟ್ಟಿನಲ್ಲಿ, ಪೂರ್ತಿ ಸಾಲು ಇದೆ. ಹನ್ನೊಂದು ಸೆಕೆಂಡು. ಅವತ್ತು ಬಾಗಿಲಿಗೆ ಯಾರೋ ಬಟ್ಟೆ ಕೇಳಿಕೊಂಡು ಬಂದಿದ್ದರು, ನಾನು ಎದ್ದು ಹೋಗಿದ್ದೆ. ಅದು ಸಿಕ್ಕಾಗ ಎದ್ದು ಅಡಿಗೆಮನೆಗೆ ಹೋಗಿ ಅತ್ತಿಗೆಯನ್ನು ಕೈ ಹಿಡಿದು ಕರೆತಂದೆ. ಇಬ್ಬರೂ ಕೇಳಿದೆವು. ನೀನು ಹಾಡುತ್ತಿದ್ದೀಯ, ಅದರ ಮೇಲೆ, ಬಾಗಿಲಿನಿಂದ, ನಾನು: “ನಾಳೆ ಬಾ ಅಂದ್ನಲ್ಲ, ಎಷ್ಟು ಸಲ ಹೇಳ್ಬೇಕು ನಿಂಗೆ.” ನನ್ನ ಧ್ವನಿಯನ್ನು ತೆಗೆದು ನಿನ್ನದನ್ನಷ್ಟೇ ಉಳಿಸಿಕೊಡು ಎಂದು ಸ್ಕ್ರೂನ ಅಂಗಡಿಗೆ ಮಂಡಿ ಎಳೆದುಕೊಂಡು ಹೋದೆ. ಅವನು ಒಂದು ದಿನ ಇಟ್ಟುಕೊಂಡು, “ಎರಡೂ ಒಟ್ಟಿಗೆ ಬೆಂದೋಗಿದೆ ಅಮ್ಮಾ. ನಿಮ್ಮದು ತೆಗೆದ್ರೆ ಮಗಳದ್ದೂ ಹೋಗತ್ತೆ” ಎಂದು ವಾಪಸ್ಸು ಕೊಟ್ಟ.

ನೀನು ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರ. ನನಗೆ ಸಂಗೀತ ಬರುವುದಿಲ್ಲ. ಆದರೆ ಎರಡು ತುಂಡು ಬಟ್ಟೆ ಒಂದೇ ಥಾನಿನದೋ ಬೇರೆಯದೋ ಎಂದು ನಲವತ್ತು ವರ್ಷ ಕಣ್ಣಲ್ಲೇ ಹೇಳಿದವಳು ನಾನು. ಅದೇ ಸಾಲಿನ ಮೇಷ್ಟ್ರ ಮೊದಲ ಸ್ವರವನ್ನೂ ನಿನ್ನ ಮೊದಲ ಸ್ವರವನ್ನೂ ಪಕ್ಕಪಕ್ಕ ಇಟ್ಟು ಕೇಳಿದೆ. ಇನ್ನೂರ ಹದಿನಾಲ್ಕು ಸಲವೂ. ಹೊಲಿಗೆ ಎಲ್ಲಿದೆಯೆಂದು ಗೊತ್ತಾಗುವುದಿಲ್ಲ. ಎರಡು ಕಡೆ ನೀನು ತುಸು ಬೇಗ ಎತ್ತಿದ್ದೀಯ, ಅಷ್ಟೆ. ಅತ್ತಿಗೆಗೂ ಕೇಳಿಸಿದೆ, ಅವಳೂ ಅದನ್ನೇ ಅಂದಳು. ನಿನ್ನ ಶ್ರುತಿಯಲ್ಲಿ ದೋಷವಿರಲಿಲ್ಲ. ಮೇಷ್ಟ್ರಿಗೆ ವಯಸ್ಸಾಗಿತ್ತು, ಕಿವಿ ಮಂದವಾಗಿದ್ದಿರಬೇಕು. ಇಲ್ಲವೇ ಅವತ್ತು ಅವರ ಮನಸ್ಸು ಸರಿಯಿರಲಿಕ್ಕಿಲ್ಲ. ದೊಡ್ಡವರೂ ತಪ್ಪು ಮಾತಾಡುತ್ತಾರೆ. ಅದನ್ನಿನ್ನು ಮನಸ್ಸಿನಿಂದ ತೆಗೆದುಹಾಕು.

ಎಲ್ಲ ಫೈಲುಗಳನ್ನೂ ಒಂದು ಸಣ್ಣ ಡ್ರೈವಿಗೆ ಹಾಕಿ ಇದರ ಜೊತೆ ಕಳಿಸುತ್ತಿದ್ದೇನೆ. ಮೊದಲನೆಯದು ನಿನ್ನ ಚೂರುಗಳು. ಎರಡನೆಯದು ಆ ಹನ್ನೊಂದು ಸೆಕೆಂಡು. ಮರಿಗೆ ಅದನ್ನು ಕೇಳಿಸುವಾಗ ಬೈಯುತ್ತಿರುವುದು ಯಾರು ಎಂದು ಹೆದರದಂತೆ ಮೊದಲೇ ತಿಳಿಸು. ಉಳಿದದ್ದು ಪಾಠಗಳು, ನಂಬರಿನ ಪ್ರಕಾರ.

ಊಟ ನಿದ್ದೆ ಹೊತ್ತು ಹೊತ್ತಿಗೆ ಮಾಡು. ನಿನ್ನ ಮನೆ ನಿನ್ನ ಮಗು ತಣ್ಣಗಿರಲಿ. ಮರಿಯ ಗಂಟಲಿಗೆ ಎಂದೂ ಏನೂ ಆಗದಿರಲಿ.

ನಿನ್ನ ಅಮ್ಮ

ತಾ.ಕ.: ಮೇಲಿನದನ್ನು ಬರೆದು ಲಕೋಟೆಯಲ್ಲಿ ಹಾಕಿ ಎರಡು ದಿನ ಇಟ್ಟಿದ್ದೆ. ಅಂಟಿಸಲಾಗಲಿಲ್ಲ. ಮೇಷ್ಟ್ರ ವಿಷಯ ಬರೆದದ್ದು ಸುಳ್ಳು.

ನಿನಗೆ ಶ್ರುತಿ ನಿಲ್ಲುವುದಿಲ್ಲವೆಂದು ಮೇಷ್ಟ್ರು ಹೇಳಲಿಲ್ಲ. ಅವರು ಹೇಳಿದರೆಂದು ನಿನಗೆ ಹೇಳಿದವಳು ನಾನು. ಒಂದು ಸಾಲನ್ನು ಅಣ್ಣ ಹತ್ತು ಸಲ ತಪ್ಪಿದ ಮೇಲೆ ನೀನು ಒಂದೇ ಸಲಕ್ಕೆ ಹಾಡುತ್ತಿದ್ದೆ. ಅವನು ಒಳಗೆ ಹೋಗಿ ಅಳುತ್ತಿದ್ದ, ಇನ್ನು ಕೂರುವುದಿಲ್ಲ ಎನ್ನುತ್ತಿದ್ದ. ನೀನು ಎದ್ದರೆ ಅವನು ಕೂರುತ್ತಾನೆಂದು ನಾನು ಎಣಿಸಿದೆ. ಆರು ತಿಂಗಳಿಗೆ ಅವನೂ ಬಿಟ್ಟ. ಆಮೇಲಾದರೂ ನಿಜ ಹೇಳಬಹುದಿತ್ತು. ಮಕ್ಕಳ ಮುಂದೆ ಸೋತು ನಿಲ್ಲುವುದು ಆಗದೆ ಹೋಯಿತು.

ಈಗ ಹೇಳಿದರೆ ನಿನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದೇನೆ, ಸತ್ತವರ ತಪ್ಪನ್ನು ನನ್ನ ಮೇಲೆ ಎಳೆದುಕೊಳ್ಳುತ್ತಿದ್ದೇನೆ ಎಂದುಕೊಳ್ಳುತ್ತೀಯ. ನಿನ್ನ ಬುದ್ಧಿ ನನಗೆ ಗೊತ್ತು. ಅದಕ್ಕೆ ಹತ್ತೊಂಬತ್ತನೆಯ ಫೈಲನ್ನು ಹಾಕಿ ಕೇಳು. ನೀನು ಬಿಟ್ಟ ಮೇಲಿನ ಮೊದಲ ಪಾಠ ಅದು. ನಿಲ್ಲಿಸಲು ನಿನ್ನ ಸರದಿ ಇರಲಿಲ್ಲವಾದ್ದರಿಂದ ಟೇಪು ಓಡುತ್ತಲೇ ಇದೆ. ಮೇಷ್ಟ್ರು ಕೇಳುತ್ತಾರೆ, “ಚಿಕ್ಕೋಳೆಲ್ಲಿ? ಹುಷಾರಿಲ್ವಾ?” ನಾನು, “ಅವಳಿಗೆ ಮನಸ್ಸಿಲ್ಲವಂತೆ ಮೇಷ್ಟ್ರೇ, ಬೇಡ ಅಂತಾಳೆ.” ಅವರು, “ಸ್ವಲ್ಪ ಕರೀರಿ ತಾಯಿ, ಅವಳ ಬಾಯಿಂದಲೇ ಒಂದ್ಸಲ ಕೇಳ್ತೀನಿ.” ನಾನು, “ಮನೇಲಿಲ್ಲ.” ಆಮೇಲೆ ಹಾರ್ಮೋನಿಯಂ.

ನೀನು ಒಳಗಿನ ಕೋಣೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದೆ.

ಅದನ್ನು ಅಳಿಸಲು ಒಂದು ಕೀಲಿ ಒತ್ತಿದರೆ ಸಾಕಿತ್ತು, ಅಷ್ಟು ನಾನು ಕಲಿತಿದ್ದೇನೆ. ಅಳಿಸಿಲ್ಲ. ಆ ಹೆಂಗಸು ಯಾರು ಎಂದು ಮರಿ ಕೇಳಿದರೆ, ನನ್ನ ಫೋಟೋ ಕಡೆ ಕೈ ತೋರಿಸು.